ಹಾವಲ್ಲ, ಹಾವಕ್ಕಿ

ಮೈಸೂರಿನ ಸರಸ್ವತಿಪುರಂನಲ್ಲಿ ಹೊಸದಾಗಿ ಮನೆ ಮಾಡಿದವರು ಬಡಾವಣೆಯ ಬೀದಿಗಳಿಗಿಂತ ಮೊದಲು ಕುಕ್ಕರಹಳ್ಳಿ ಕೆರೆಯ ಏರಿ ಹತ್ತಬೇಕು. ಬೆಳಗಿನ ಹೊತ್ತು ಅಲ್ಲಿ ವಾಕಿಂಗಿನವರ ದಂಡೇ ಇರುತ್ತದೆ. ನಿಂತು ನೋಡುವವರು ಕಡಿಮೆ.

ಹಕ್ಕಿ ನೋಡಲು ಹೊರಟ ಹೊಸಬರು ಎಡವುವುದು ನೀರುಕಾಗೆ, ಹಾವಕ್ಕಿಗಳ ನಡುವೆ. ಎರಡೂ ಕಪ್ಪು, ಎರಡೂ ಮುಳುಗಿ ಮೀನು ಹಿಡಿಯುತ್ತವೆ. ಗರಿ ನೆನೆಯುವುದರಿಂದ ಎರಡೂ ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತವೆ. ಗುಟ್ಟು ಕೊಕ್ಕಿನಲ್ಲಿದೆ: ನೀರುಕಾಗೆಯ ಕೊಕ್ಕಿನ ತುದಿ ಕೊಕ್ಕೆಯಂತೆ ಬಾಗಿರುತ್ತದೆ, ಹಾವಕ್ಕಿಯದು ಈಟಿಯಂತೆ ನೆಟ್ಟಗೆ. ಅದು ಮೀನನ್ನು ತಿವಿದು ಹಿಡಿಯುತ್ತದೆ. ಮೈ ಮುಳುಗಿಸಿ, ಕತ್ತಷ್ಟನ್ನೇ ಮೇಲೆತ್ತಿ ಈಜುವುದನ್ನು ಕಂಡರೆ ಯಾರಾದರೂ ಹಾವೆಂದೇ ಬೆಚ್ಚಬೇಕು!

ದುರ್ಬೀನಿಗೆ ಅವಸರ ಬೇಡ. ಕೊಳ್ಳುವುದಾದರೆ 8×42 ಸಾಕು: 8 ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರದ ಅಗಲ 42 ಮಿಲಿಮೀಟರ್. ಹೆಜ್ಜಾರ್ಲೆಗಂತೂ ಅದೂ ಬೇಕಿಲ್ಲ; ಕೆಳಗೆ ಚೀಲ ತೂಗುವ ಆ ಭಾರಿ ಕೊಕ್ಕು ಬರಿಗಣ್ಣಿಗೇ ಸಿಗುತ್ತದೆ.