ಮನೆಯಲ್ಲೊಂದು ಮಣ್ಣಿನ ಮಕರ

ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ನಮ್ಮ ಕಡೆ ಮಣ್ಣಿನ ಎತ್ತುಗಳಿಗೆ ಪೂಜೆಯುಂಟು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದಲ್ಲಿ ನಾಗಪ್ಪ, ಭಾದ್ರಪದದಲ್ಲಿ ಗಣಪ್ಪ. ಹೀಗೆ ಮಳೆಗಾಲವೆಲ್ಲ ನಮ್ಮವರ ಕೈಗೆ ಮಣ್ಣು ಮೆತ್ತಿರುತ್ತದೆ.

ಆದರೆ ಗ್ರಾಂಟ್ ರೋಡಿನ ಚಾಳಿನಲ್ಲಿ ಬೆಳೆದ ನನ್ನ ಮಗಳಿಗೆ ಮಣ್ಣೆಂದರೆ ಬರಿಯ ಕೊಳೆ. ಕಳೆದ ಚೌತಿಯಲ್ಲಿ ಗಣಪತಿ ಮಾಡಿ ಮಿಕ್ಕ ಶಾಡು ಮಣ್ಣನ್ನು ಅವಳ ಮುಂದಿಟ್ಟು, "ಹಳೇಬೀಡಿನ ಮಕರ ಮಾಡೋಣೇನು?" ಎಂದೆ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ! 12ನೆಯ ಶತಮಾನದ ಹೊಯ್ಸಳ ಶಿಲ್ಪಿಗಳು ಗುಡಿಯ ಸುತ್ತ ಸಾಲಾಗಿ ಕಡೆದಿಟ್ಟ ಆ ವಿಚಿತ್ರ ಪ್ರಾಣಿ ಅವಳಿಗೆ ಒಡನೆ ಹಿಡಿಸಿತು.

ಬೆಳಗಾಗುವಷ್ಟರಲ್ಲಿ ಸೊಂಡಿಲು ಕಳಚಿ ಬಿದ್ದಿತ್ತು. ಅವಳು ಅತ್ತಳು; ನಾವಿಬ್ಬರೂ ಕಲಿತೆವು. ಆರಿದ ಮೈಗೆ ಹಸಿಮಣ್ಣು ಹಿಡಿಯದು. ಎರಡೂ ಹಸಿಯಿರುವಾಗಲೇ ಕಡ್ಡಿಯಿಂದ ಗೀರಿ, ನೀರಲ್ಲಿ ಕದಡಿದ ಮಣ್ಣು ಬಳಿದು ಒತ್ತಬೇಕು. ಮೈ ದಪ್ಪವಾದರೆ ಹೊರಗೆ ಆರಿ, ಒಳಗೆ ಹಸಿಯುಳಿದು ಬಿರಿಯುತ್ತದೆ. ಹೊಟ್ಟೆಯನ್ನು ಅಡಿಯಿಂದ ತೋಡಿ, ನೆರಳಿನಲ್ಲಿ ಆರಿಸಬೇಕು. ಮುಂಬಯಿಯ ಮಳೆಗಾಳಿಯಲ್ಲಿ ಅವಸರ ನಡೆಯದು.

ಎರಡನೆಯ ಮಕರ ನಿಂತಿತು.

ಈ ವರ್ಷದ ಅಮಾವಾಸ್ಯೆಗೆ ನಮ್ಮ ತಾಯಿ ಎತ್ತು ಮಾಡಲು ಕೂತರು. ಅವರ ಕೈ ಈಗ ನಡುಗುತ್ತದೆ, ಕೋಡು ನಿಲ್ಲಲೊಲ್ಲದು. "ಅಜ್ಜಿ, ಗೀರಿ ಹಚ್ಚಬೇಕು, ಕೊಡಿಲ್ಲಿ," ಎಂದಳು ಮಗಳು. ನಾಲ್ಕೂ ಕೋಡು ಅವಳೇ ಕೂಡಿಸಿದಳು.

ಪೇಟೆಯಲ್ಲಿ ಕಾಸು ಕೊಟ್ಟರೆ ಮೂರ್ತಿ ಸಿಗುತ್ತದೆ. ಆದರೂ ಬರುವ ಹಬ್ಬಕ್ಕೆ ನಿಮ್ಮ ಮಕ್ಕಳಿಗೂ ಒಂದು ಹಿಡಿ ಮಣ್ಣು ತೆಗೆದಿಡಿರಿ.