ಅಲಗಿನ ಬುಡದ ಅಕ್ಷರಗಳು

ಹಳೆಯ ಸಾಮಾನಿನ ಅಂಗಡಿಯಲ್ಲಿ ಜರ್ಮನಿಯ ಜೇಬುಚಾಕುವೊಂದು ಅಗ್ಗವಾಗಿ ದೊರೆತೊಡನೆ ಅನೇಕರು ಮಾಡುವ ಮೊದಲ ಕೆಲಸವೆಂದರೆ ಉಪ್ಪುಕಾಗದದಿಂದ ತಿಕ್ಕುವುದು. ಚಾಕುವಿನ ಬೆಲೆ ಹಾರಿಹೋಗುವುದೂ ಆಗಲೇ! ಅಲಗು ಹಿಡಿಯನ್ನು ಸೇರುವೆಡೆಯಲ್ಲಿ ಒತ್ತಿರುವ ಸಣ್ಣ ಅಕ್ಷರಗಳೇ ಅದರ ಜಾತಕ. ತಿಕ್ಕಿದರೆ ಮೊದಲು ಅಳಿಯುವುವೂ ಅವೇ.

ಅಲ್ಲಿ ‘ಸೋಲಿಂಗೆನ್’ ಎಂದಿದೆಯೇ? ಅದು ಚಾಕು, ಕತ್ತರಿಗಳಿಗೆ ಹೆಸರಾದ ಊರು. ಬೇರೆಡೆ ತಯಾರಾದ ಅಲಗಿಗೆ ಆ ಹೆಸರನ್ನು ಒತ್ತಬಾರದೆಂದು 1938ರಲ್ಲಿ ಕಾನೂನೇ ಆಯಿತು. ‘ಪಶ್ಚಿಮ ಜರ್ಮನಿ’ ಎಂದಿದ್ದರೆ, ಮಾರುವವನು ಎಷ್ಟೇ ಆಣೆಯಿಟ್ಟರೂ ಅದು 1949ಕ್ಕಿಂತ ಹಿಂದಿನದಲ್ಲ. ಅವಳಿಗಳ ಚಿತ್ರವು ಹೆಂಕೆಲ್ಸ್ ಮನೆತನದ ಮುದ್ರೆ, 1731ರಲ್ಲಿಯೇ ನೋಂದಣಿಯಾದದ್ದು. ಆದರೆ ಮುದ್ರೆಯ ವಯಸ್ಸೇ ಚಾಕುವಿನ ವಯಸ್ಸಲ್ಲ.

ಬಲ್ಲವರು ಅಲಗನ್ನು ಬಿಚ್ಚಿ ಮಡಿಸಿ ‘ಟಕ್’ ಎಂಬ ಸದ್ದನ್ನು ಆಲಿಸುತ್ತಾರೆ. ಸಾಣೆ ಹಿಡಿದು ಹಿಡಿದು ಅಲಗು ಸವೆದಿದೆಯೇ, ಅಲುಗಾಡುವುದೇ, ಜಿಂಕೆಕೊಂಬಿನ ಹಿಡಿ ಬಿರುಕುಬಿಟ್ಟಿದೆಯೇ ಎಂದು ನೋಡುತ್ತಾರೆ. ಹಳೆಯ ಉಕ್ಕು ಕಪ್ಪಾಗಿರುವುದು ದೋಷವಲ್ಲ. ಕೆಂಪು ತುಕ್ಕಿದ್ದರೆ ತುಸು ಎಣ್ಣೆ ಸವರಿ ಮೆತ್ತನೆಯ ಬಟ್ಟೆಯಿಂದ ಒರೆಸಿದರಾಯಿತು.

ಇನ್ನು ಬೆಲೆ. ಅದನ್ನು ಅಳೆಯಬೇಕಾದುದು ಅಂಗಡಿಯವನ ಬಾಯಿಮಾತಿನಿಂದಲ್ಲ. ಅದೇ ಮುದ್ರೆಯ, ಅದೇ ಸ್ಥಿತಿಯ ಚಾಕು ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಮೊತ್ತದಿಂದ.