ಮೂಳೆಯೊಳಗಿನ ಸಿಮೆಂಟನ್ನು ಲೇಸರ್ ಕೀಳಬಲ್ಲದೇ?

ಬಂಗಾರಪೇಟೆಯ ಓದುಗರೊಬ್ಬರ ಪ್ರಶ್ನೆ: “ಕೆಜಿಎಫ್ ಗಣಿಯಲ್ಲಿ ದುಡಿದ ನಮ್ಮ ತಂದೆಗೆ ಹಾಕಿದ್ದ ಕೃತಕ ಸೊಂಟದ ಕೀಲು ಸಡಿಲವಾಗಿದೆ. ಹೊಸದು ಕೂರಿಸಲು ಹಳೆಯ ಸಿಮೆಂಟ್ ತೆಗೆಯಬೇಕಂತೆ. ಲೇಸರ್‌ನಿಂದ ಆಗದೇ?”

ಇದು ಮನೆ ಕಟ್ಟುವ ಸಿಮೆಂಟಲ್ಲ, ಅಕ್ರಿಲಿಕ್. ಹಲ್ಲುಸೆಟ್ಟಿನ ವಸಡಿನ ಭಾಗವನ್ನು ಮಾಡುವುದೂ ಇದರಿಂದಲೇ. ದಂತವಸ್ತುಗಳ ತಜ್ಞ ಡೆನಿಸ್ ಸ್ಮಿತ್ ಕೊಟ್ಟ ಸಲಹೆಯಂತೆ ಇಂಗ್ಲೆಂಡಿನ ಜಾನ್ ಚಾರ್ನ್ಲಿ 1958ರಲ್ಲಿ ಇದನ್ನು ಸೊಂಟದ ಕೀಲಿಗೆ ಬಳಸತೊಡಗಿದರು. ಪುಡಿ, ದ್ರವ ಕಲಸಿದ ಹತ್ತು ಹದಿನೈದು ನಿಮಿಷಕ್ಕೆ ಬಿಸಿಯೇರಿ ಗಟ್ಟಿಯಾಗುತ್ತದೆ. ಇದು ಅಂಟಲ್ಲ, ಮೂಳೆಯ ಸಂದುಸಂದಿಗೂ ಇಳಿದು ಕಚ್ಚಿಕೊಳ್ಳುತ್ತದೆ. ಕೀಳುವುದು ಕಷ್ಟವಾಗಿರುವುದು ಅದಕ್ಕೇ.

ಆ ಕಷ್ಟ ಗಣಿಯವರಿಗೆ ಬೇಗ ಅರ್ಥವಾದೀತು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಚಿನ್ನವಿದ್ದದ್ದು ಕಪ್ಪು ಬಂಡೆಯ ನಡುವೆ ಇಳಿದಿದ್ದ ಬೆಣಚುಕಲ್ಲಿನ ತೆಳು ಪಟ್ಟಿಯಲ್ಲಿ. ಅದರ ಬೆನ್ನು ಹತ್ತಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದರು. ಬೆಣಚು ಹೊರಬರಬೇಕು, ಅಕ್ಕಪಕ್ಕದ ಬಂಡೆ ನಿಲ್ಲಬೇಕು. ಭಾರ ತಾಳದೆ ಬಂಡೆ ಸಿಡಿದರೆ ಅದೇ ರಾಕ್‌ಬರ್ಸ್ಟ್. ತೊಡೆಮೂಳೆಯ ಕೊಳವೆಯಲ್ಲೂ ಸಿಮೆಂಟ್ ಬರಬೇಕು, ಸವೆದ ಗೋಡೆ ಉಳಿಯಬೇಕು. ಉಳಿ ಜಾರಿದರೆ ಮೂಳೆ ಸೀಳುತ್ತದೆ, ಡ್ರಿಲ್ ದಾರಿ ತಪ್ಪಿದರೆ ತೂತಾಗುತ್ತದೆ.

ಉಳಿ, ಡ್ರಿಲ್ ಬದಲು ಲೇಸರ್ ಆದೀತೇ? ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ರೂಪಿಸಿದರು. ಅದರ 10.6 ಮೈಕ್ರೋಮೀಟರ್ ಕಿರಣವನ್ನು ಅಕ್ರಿಲಿಕ್ ಚೆನ್ನಾಗಿ ಹೀರುತ್ತದೆ. ಅಣುಗಳ ಸರಪಳಿ ಬಿಚ್ಚಿ, ಬಹುಪಾಲು ಮೂಲ ದ್ರವದ ಆವಿಯಾಗಿ ಹಾರಿಹೋಗುತ್ತದೆ. ನಾಮಫಲಕದ ಅಂಗಡಿಯಲ್ಲಿ ಅಕ್ರಿಲಿಕ್ ಅಕ್ಷರ ಕತ್ತರಿಸುವುದೂ ಇದೇ ಕಿರಣ. ಅಂಚು ಉಜ್ಜದೆಯೇ ಹೊಳೆಯುತ್ತದೆ, ಘಾಟು ಮೂಗಿಗೆ ಅಡರುತ್ತದೆ.

ಸುತ್ತಿಗೆ ಏಟಿಲ್ಲದೆ ಸಿಮೆಂಟ್ ಮಾಯವಾಗುವುದು ನಿಜಕ್ಕೂ ಸೊಗಸಾದ ಉಪಾಯ. ಆದರೆ ಮೂಳೆಯಲ್ಲಿರುವ ನೀರೂ ಇದೇ ಕಿರಣವನ್ನು ಹೀರುತ್ತದೆ. 47 ಡಿಗ್ರಿ ಶಾಖ ಒಂದು ನಿಮಿಷ ತಾಗಿದರೆ ಮೂಳೆಗೆ ಹಾನಿ ಎಂದು ಸ್ವೀಡನ್ನಿನ ಎರಿಕ್ಸನ್ ಮತ್ತು ಆಲ್ಬ್ರೆಕ್ಟ್ಸನ್ 1983ರಲ್ಲೇ ತೋರಿಸಿದ್ದಾರೆ. ಆವಿಯನ್ನು ಆಗಿಂದಾಗ್ಗೆ ಎಳೆದು ತೆಗೆಯಬೇಕು. ಮೇಲಾಗಿ ಈ ಕಿರಣ ಸಾಮಾನ್ಯ ಗಾಜಿನ ಎಳೆಯಲ್ಲಿ ಸಾಗದು. ಮೂತ್ರಪಿಂಡದ ಕಲ್ಲು ಒಡೆಯುವ ಹೋಲ್ಮಿಯಮ್ ಲೇಸರ್ ಸಾಗುತ್ತದೆ, ಅದಕ್ಕೂ ಶಾಖದ ಚಿಂತೆ ತಪ್ಪಿದ್ದಲ್ಲ.

ಹಾಗಾಗಿ ದಿನನಿತ್ಯದ ಶಸ್ತ್ರಚಿಕಿತ್ಸೆಯಲ್ಲಿ ಇಂದಿಗೂ ಉಳಿ, ಡ್ರಿಲ್, ಅಲ್ಟ್ರಾಸೌಂಡ್ ಉಪಕರಣಗಳದೇ ಕೆಲಸ. ಲೇಸರ್ ಇದೆಯೇ ಎಂದು ಆಸ್ಪತ್ರೆ ಹುಡುಕಬೇಡಿ. ಸಿಮೆಂಟನ್ನೆಲ್ಲ ತೆಗೆಯಲೇಬೇಕೇ ಎಂದು ಮೊದಲು ವೈದ್ಯರನ್ನು ಕೇಳಿ. ಸೋಂಕಿದ್ದರೆ ಸಾಮಾನ್ಯವಾಗಿ ತೆಗೆಯಲೇಬೇಕು. ಸೋಂಕಿಲ್ಲದೆ, ಹಳೆಯ ಸಿಮೆಂಟ್ ಮೂಳೆಗೆ ಭದ್ರವಾಗಿ ಕಚ್ಚಿದ್ದರೆ, ಅದರೊಳಗೇ ಹೊಸ ಸಿಮೆಂಟ್ ಹಾಕಿ ಕೀಲು ಕೂರಿಸುವ ಕ್ರಮವೂ ಉಂಟು.